ಲಾಕ್‌ಡೌನ್ ಕಾಲದ ಇನ್‌ಪುಟ್‌ಗೆ ಈಗ ಆರ್ಡರ್ ಬಂದಿದೆ, ಏನು ಮಾಡೋದು?

ಕೌಲ್‌ಬಜಾರ್ ಜೀನ್ಸ್ (ಪ್ರಶ್ನೆ, ನವೆಂಬರ್ 2024)

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಂದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ, ಹದಿನಾಲ್ಕು ಮಷೀನು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕತ್ತರಿಸಿಟ್ಟ ಬಟ್ಟೆ ಟೇಬಲ್ ಮೇಲೇ ಉಳಿಯಿತು. ಟೈಲರ್‌ಗಳು ಊರಿಗೆ ಹೋದರು, ಮಾಲು ತಗೊಂಡ ಪಾರ್ಟಿಗಳು ಫೋನ್ ಎತ್ತಲಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳ ಜಿಎಸ್‌ಟಿ 3ಬಿ ರಿಟರ್ನ್ (ತಿಂಗಳ ತೆರಿಗೆ ಲೆಕ್ಕ) ಹಾಕಿದ್ದು ಡಿಸೆಂಬರ್‌ನಲ್ಲಿ. ಬಡ್ಡಿ, ಲೇಟ್ ಫೀ ಎಲ್ಲ ಕಟ್ಟಿದೆ. ಅಲ್ಲಿಗೆ ಮುಗೀತು ಅಂದ್ಕೊಂಡೆ.

ಈ ವರ್ಷ ಮೇನಲ್ಲಿ ನೋಟಿಸ್ ಬಂತು, ಆಗಸ್ಟ್ 28ಕ್ಕೆ ಆರ್ಡರ್. 2019-20ರ ಇನ್‌ಪುಟ್ (ಮಾಲು ತರುವಾಗ ಕೊಟ್ಟ ಜಿಎಸ್‌ಟಿಯನ್ನ ನಾವು ಕಟ್ಟೋ ತೆರಿಗೆಯಲ್ಲಿ ಕಳೆದುಕೊಳ್ಳೋದು) ತಗೊಳ್ಳೋಕೆ 2020ರ ಅಕ್ಟೋಬರ್ ತಿಂಗಳೇ ಕೊನೆ, ನೀವು ಡಿಸೆಂಬರ್‌ನಲ್ಲಿ ತಗೊಂಡಿದ್ದೀರಿ, ಅದಕ್ಕೆ 1,86,000 ರೂಪಾಯಿ ವಾಪಸ್ ಕಟ್ಟಿ, ಮೇಲೆ ಬಡ್ಡಿ, ದಂಡ. ಬಟ್ಟೆ, ಜಿಪ್ಪು, ಗುಂಡಿ ಎಲ್ಲಾನೂ ಜಿಎಸ್‌ಟಿ ಕೊಟ್ಟೇ ತಂದಿದ್ದು ರೀ. ಮಾರಿದವರು ಆ ದುಡ್ಡನ್ನ ಸರ್ಕಾರಕ್ಕೆ ಕಟ್ಟಿಯೂ ಆಗಿದೆ.

ಆಗ ಟಿವಿಯಲ್ಲಿ ಡೇಟ್ ಮುಂದಕ್ಕೆ ಹಾಕಿದ್ದೇವೆ, ಮುಂದಕ್ಕೆ ಹಾಕಿದ್ದೇವೆ ಅಂತಿದ್ದರಲ್ವಾ? ಯಾವ ಡೇಟ್ ಮುಂದಕ್ಕೆ ಹೋಯ್ತು, ಯಾರಿಗೆ ಹೋಯ್ತು?

ರಾಯಚೂರು ಲೆಕ್ಕದವ

ಅಣ್ಣಾ, ಮೊದಲು ಗಾಬರಿ ಬಿಡಿ. ನಿಮ್ಮ ಕೇಸಿಗೆ ದಾರಿ ಇದೆ, ಆದರೆ ದಿನ ಎಣಿಸಬೇಕು.

ಆಗ ಆಗಿದ್ದು ಇಷ್ಟು. ತಡವಾದ ರಿಟರ್ನ್‌ಗೆ ಲೇಟ್ ಫೀ, ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟರು. ಫೆಬ್ರವರಿ, ಮಾರ್ಚ್‌ನ ರಿಟರ್ನ್ 2020ರ ಜೂನ್ ಕೊನೆಯೊಳಗೆ ಹಾಕಿದ್ದರೆ ನಿಮ್ಮಂಥ ಸಣ್ಣವರಿಗೆ ಲೇಟ್ ಫೀ ಇರಲಿಲ್ಲ. ಆದರೆ ಇನ್‌ಪುಟ್ ತಗೊಳ್ಳೋ ಕೊನೆ ದಿನ, ಅಂದರೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 16(4), ಅದು ಅಲ್ಲಾಡಲಿಲ್ಲ. ನನ್ನ ಹತ್ತಿರ ಬರುವ ಅರ್ಧ ಜನ ಸಿಕ್ಕಿಬಿದ್ದಿರೋದು ಇಲ್ಲೇ. ಅದನ್ನ ಸರಿ ಮಾಡೋಕೆ ನಾಲ್ಕು ವರ್ಷ ಬೇಕಾಯ್ತು. 2024ರ ಎರಡನೇ ಫೈನಾನ್ಸ್ ಆಕ್ಟ್‌ನಲ್ಲಿ 16(5) ಸೇರಿಸಿದರು: 2017-18ರಿಂದ 2020-21ರವರೆಗಿನ ಇನ್‌ಪುಟ್ ಅನ್ನು 2021ರ ನವೆಂಬರ್ 30ರೊಳಗೆ ಹಾಕಿದ ರಿಟರ್ನ್‌ನಲ್ಲಿ ತಗೊಂಡಿದ್ದರೆ ಸಾಕು. ನಿಮ್ಮದು 2020ರ ಡಿಸೆಂಬರ್, ಆರಾಮಾಗಿ ಒಳಗೆ ಬರುತ್ತೆ.

ಈಗಾಗಲೇ ಆರ್ಡರ್ ಆಗಿದ್ದರೆ ತಿದ್ದುಪಡಿಗೆ ಆನ್‌ಲೈನ್ ಅರ್ಜಿ ಹಾಕಬಹುದು. ಈ ಅಕ್ಟೋಬರ್ 8ರ ನೋಟಿಫಿಕೇಶನ್ ಪ್ರಕಾರ ಅಲ್ಲಿಂದ ಆರು ತಿಂಗಳು, ಅಂದರೆ 2025ರ ಏಪ್ರಿಲ್ ಮೊದಲ ವಾರದ ತನಕ ಮಾತ್ರ ಟೈಮ್. ಆದರೂ ಅದನ್ನೇ ನಂಬಿ ಕೂರಬೇಡಿ, ಅಪೀಲಿಗೆ ಆರ್ಡರ್ ಕೈಗೆ ಬಂದ ದಿನದಿಂದ ಮೂರೇ ತಿಂಗಳು. ನಿಮ್ಮದು ಈ ತಿಂಗಳ ಕೊನೆಗೆ ಮುಗಿಯುತ್ತೆ ನೋಡಿ. ಮತ್ತೆ ಹೆದರಿ ದುಡ್ಡು ಕಟ್ಟಿಬಿಟ್ಟಿದ್ದರೆ ಅದು ವಾಪಸ್ ಬರಲ್ಲ, ರೀಫಂಡ್ ಇಲ್ಲ ಅಂತ ಅದೇ ಕಾಯ್ದೆಯಲ್ಲಿ ಬರೆದಿದೆ. ಕಟ್ಟಿಲ್ಲ ತಾನೇ?

ಗಂಗಾವತಿ ಮೆಡಿಕಲ್ಸ್

ಜಿಎಸ್‌ಟಿ ರೇಟಿನ ಕಥೆಯೂ ಹಂಗೇ ಇತ್ತು, ತಡ. 2021ರ ಏಪ್ರಿಲ್, ಮೇನಲ್ಲಿ ಜನ ಆಕ್ಸಿಮೀಟರ್‌ಗೆ ಅಂಗಡಿ ಮುಂದೆ ರಾತ್ರಿ ಹತ್ತಕ್ಕೆ ಬಂದು ಶಟರ್ ಬಡಿಯುತ್ತಿದ್ದರು. ಆಗ ಅದರ ಮೇಲೆ 12 ಪರ್ಸೆಂಟ್, ಸ್ಯಾನಿಟೈಸರ್ ಮೇಲೆ 18. ಎರಡನ್ನೂ 5ಕ್ಕೆ ಇಳಿಸಿದ್ದು ಜೂನ್ 12ರ ಜಿಎಸ್‌ಟಿ ಕೌನ್ಸಿಲ್ ಮೀಟಿಂಗಿನಲ್ಲಿ, ಎರಡನೇ ಅಲೆ ಇಳಿಯುತ್ತಿದ್ದಾಗ. ಆಂಬುಲೆನ್ಸಿಗೆ 28 ಇತ್ತು ಅಂತ ನನಗೂ ಅವತ್ತೇ ಗೊತ್ತಾಗಿದ್ದು! ಅದು 12ಕ್ಕೆ ಬಂತು. ಎಲ್ಲಾ ಸೆಪ್ಟೆಂಬರ್ 30ರ ತನಕ ಮಾತ್ರ.

ನಾನು 12 ಕೊಟ್ಟು ತಂದ ಸ್ಟಾಕು 5ಕ್ಕೆ ಮಾರಿದೆ. ಅದೇನೂ ನಷ್ಟ ಆಗಲಿಲ್ಲ, ಬೇರೆ ಮಾಲಿನ ತೆರಿಗೆಗೆ ಹೊಂದಿಸಿಕೊಂಡೆ. ಪೂರ್ತಿ ಸೊನ್ನೆ ಮಾಡಿ ಅಂತ ಎಲ್ಲರೂ ಕೂಗುತ್ತಿದ್ದರಲ್ಲ, ಅದು ಅಷ್ಟು ಸುಲಭ ಅಲ್ಲ. ತೆರಿಗೆ ವಿನಾಯಿತಿ ಕೊಟ್ಟರೆ ತಯಾರಿಸುವವನಿಗೆ ಇನ್‌ಪುಟ್ ಸಿಗಲ್ಲ, ಅದನ್ನ ಬೆಲೆ ಮೇಲೆ ಹಾಕುತ್ತಾನೆ. ಲಸಿಕೆ ವಿಷಯದಲ್ಲಿ ನಿರ್ಮಲಾ ಸೀತಾರಾಮನ್ ಹೇಳಿದ್ದೂ ಇದನ್ನೇ, ಆ ಮಾತು ಸರಿ ಇತ್ತು. ನನ್ನ ತಕರಾರು ತಡ ಮಾಡಿದ್ದರ ಬಗ್ಗೆ ಮಾತ್ರ.

ತುಂಗಭದ್ರಾ ದಂಡೆ

ಡೇಟ್ ಯಾರಿಗೆ ಮುಂದಕ್ಕೆ ಹೋಯ್ತು ಅಂತ ಕೇಳಿದಿರಲ್ಲ, ನಿಮ್ಮ ಆರ್ಡರ್ ನೋಡಿ ಸಾಕು. 2020ರ ಮಾರ್ಚ್ 31ರ ಸುಗ್ರೀವಾಜ್ಞೆಯಲ್ಲಿ ಜಿಎಸ್‌ಟಿ ಕಾಯ್ದೆಗೆ 168ಎ ಅಂತ ಹೊಸ ಸೆಕ್ಷನ್ ಬಂತು. ಯುದ್ಧ, ಸಾಂಕ್ರಾಮಿಕ ರೋಗ, ನೆರೆ, ಬರ ಇಂಥದ್ದರಿಂದ ಕೆಲಸ ಆಗದಿದ್ದರೆ ಸರ್ಕಾರ ಟೈಮ್ ಹೆಚ್ಚಿಸಬಹುದು. ಒಳ್ಳೆಯದೇ. ಆದರೆ ಅದೇ ಸೆಕ್ಷನ್ ಇಟ್ಟುಕೊಂಡು 2023ರಲ್ಲಿ ಎರಡು ಸಲ ಇಲಾಖೆ ಆರ್ಡರ್ ಮಾಡೋಕೆ ಟೈಮ್ ಜಾಸ್ತಿ ಮಾಡಿಕೊಂಡಿತು. 2019-20ಕ್ಕೆ 2024ರ ಮಾರ್ಚ್ 31 ಇದ್ದದ್ದು ಮೊದಲು ಜೂನ್ 30, ಆಮೇಲೆ ಆಗಸ್ಟ್ 31. ನಿಮ್ಮ ಆರ್ಡರ್ ಆಗಸ್ಟ್ 28! ಎರಡನೇ ಸಲದ ನೋಟಿಫಿಕೇಶನ್ 56/2023 ಅನ್ನು ಗುವಾಹಟಿ ಹೈಕೋರ್ಟ್ ಈ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದೆ. ಮೊದಲನೆಯದನ್ನು ಅಲಹಾಬಾದ್ ಹೈಕೋರ್ಟ್ ಎತ್ತಿಹಿಡಿದಿದೆ. ಅಪೀಲಿನಲ್ಲಿ ಈ ಪಾಯಿಂಟ್ ಬರೆಸಿ.

ರಾಯಚೂರು ಲೆಕ್ಕದವ

ಬರೆಸಿ, ಬೇಡ ಅನ್ನಲ್ಲ. ಆದರೆ ಅದು ಎರಡನೇ ಪಾಯಿಂಟ್ ಆಗಲಿ. 16(5) ಕಾಯ್ದೆಯಲ್ಲೇ ಇದೆ, ಅದರ ಮೇಲೆ ವಾದವೇ ಬೇಕಿಲ್ಲ. ಒಂದು ಮಾತು ಇಲಾಖೆ ಪರವಾಗಿ: ಆಗ ಅವರ ಆಫೀಸಿನಲ್ಲೂ ಕುರ್ಚಿ ಖಾಲಿ ಇದ್ದವು, ಟೈಮ್ ಬೇಕಾಗಿತ್ತು. 2023ರ ಕೊನೆಗೂ ಬೇಕಿತ್ತಾ ಅಂದ್ರೆ, ನಾನೂ ಇಲ್ಲ ಅಂತಲೇ ಹೇಳೋದು.

ಕೌಲ್‌ಬಜಾರ್ ಜೀನ್ಸ್

ಇನ್ನೂ ಒಂದು ರೂಪಾಯಿ ಕಟ್ಟಿಲ್ಲಣ್ಣ, ಪುಣ್ಯ. ಈಗಷ್ಟೇ ಹಳೆ ಫೈಲ್ ಇಳಿಸಿದೆ. ಬಟ್ಟೆ ಬಿಲ್ ಎಲ್ಲ ಇವೆ, ಜಿಪ್ಪಿನ ಎರಡು ಬಿಲ್ ಅಕ್ಷರ ಮಾಸಿ ಬಿಳಿ ಕಾಗದ ಆಗಿವೆ. ಅಂಗಡಿಯವರನ್ನ ಕೇಳಿ ಇನ್ನೊಂದು ಕಾಪಿ ತಗೊಂಡರೆ ನಡೆಯುತ್ತಾ?

ರಾಯಚೂರು ಲೆಕ್ಕದವ

ನಡೆಯುತ್ತೆ. ಸೀಲು, ಸಹಿ ಹಾಕಿಸಿಕೊಳ್ಳಿ. ಜೊತೆಗೆ ನಿಮ್ಮ 2ಎ (ಮಾರಿದವರು ನಿಮ್ಮ ಹೆಸರಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ) ಡೌನ್‌ಲೋಡ್ ಮಾಡಿ ಇಡಿ, ಅದರಲ್ಲಿ ಆ ಬಿಲ್ ನಂಬರ್ ಇರಬೇಕು.