ಮುಚ್ಚಳಿಕೆಗೆ ಸಹಿ ಹಾಕಿದರೆ ಮಾತ್ರ ಗೇಟ್ ಒಳಗೆ ಅಂತಿದ್ದಾರೆ. ಹಾಕಬೇಕಾ?

ಪೀಣ್ಯ ಫಿಟ್ಟರ್:

ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹೆಸರು ಹಾಕುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಪರ್ಮನೆಂಟ್ ಆದವರು ಅರವತ್ತನಾಲ್ಕು ಜನ, ಕಾಂಟ್ರಾಕ್ಟ್ ಹುಡುಗರು ಅದಕ್ಕಿಂತ ಜಾಸ್ತಿ.

ಹೋದ ತಿಂಗಳು ಸೆಕೆಂಡ್ ಷಿಫ್ಟಿನಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗನ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಆ ಪ್ರೆಸ್ಸಿನ ಸೆನ್ಸರ್ ಕೆಟ್ಟು ಮೂರು ವಾರ ಆಗಿತ್ತು. ವೈರ್ ಬೈಪಾಸ್ ಮಾಡಿ ಓಡಿಸುತ್ತಿದ್ದರು. ಲಾಗ್ ಬುಕ್ಕಿನಲ್ಲಿ ಎರಡು ಸಲ ಬರೆದವನು ನಾನೇ. ಹುಡುಗನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಹತ್ತು ನಿಮಿಷ ಆಗಿಲ್ಲ, ಸೂಪರ್‌ವೈಸರ್ ಡೈ ಮೇಲಿನ ರಕ್ತವನ್ನು ಕಾಟನ್ ವೇಸ್ಟಿನಲ್ಲಿ ಒರೆಸಿ ಇನ್ನೊಬ್ಬನನ್ನು ಕರೆದು "ನೀನು ನಿಂತ್ಕೊ" ಅಂದರು. ಅವನು ನಿಲ್ಲಲಿಲ್ಲ. ನಾನು ನನ್ನ ಮಷೀನ್ ಆಫ್ ಮಾಡಿದೆ. ಪಕ್ಕದವರೂ ಮಾಡಿದರು. ಸ್ವಲ್ಪ ಹೊತ್ತಿಗೆ ಇಡೀ ಶಾಪಿನಲ್ಲಿ ಕಂಪ್ರೆಸರ್ ಸದ್ದು ಒಂದೇ ಉಳಿಯಿತು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ.

ಮೂರು ದಿನ ಕೆಲಸ ನಿಲ್ಲಿಸಿದೆವು. ನಾಲ್ಕನೇ ದಿನ ಹೋದರೆ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಟೈಪ್ ಮಾಡಿದ ಹಾಳೆಗಳ ಕಟ್ಟು, ಪಕ್ಕದಲ್ಲಿ ಇಂಕ್ ಪ್ಯಾಡ್. "ಕಾನೂನುಬಾಹಿರ ಮುಷ್ಕರದಲ್ಲಿ ಭಾಗವಹಿಸಿದ್ದೇನೆ, ತಪ್ಪಾಯಿತು, ಮುಂದೆ ಹೀಗೆ ಮಾಡಿದರೆ ವಿಚಾರಣೆ ಇಲ್ಲದೆ ಕೆಲಸದಿಂದ ತೆಗೆಯಬಹುದು" ಅಂತ ಮುಚ್ಚಳಿಕೆ. ಎಂಟು ದಿನದ ಸಂಬಳ ಕಟ್. ನಮ್ಮಲ್ಲಿ ಐದು ಜನಕ್ಕೆ ಷೋಕಾಸ್ ನೋಟಿಸ್ ಬಂದಿದೆ, ನನಗೂ ಸೇರಿ. ಒಂದು ತಿಂಗಳು ಜೈಲು ಅಂತ ಎಚ್‌ಆರ್ ಹೇಳಿದ್ದಾರೆ. ಕುಣಿಗಲ್‌ನಲ್ಲಿರುವ ಅಪ್ಪನಿಗೆ ಇನ್ನೂ ಹೇಳಿಲ್ಲ.

ಜೈಲು ನಿಜವಾ? ಸಹಿ ಹಾಕಬೇಕಾ?

ನಂದಿನಿ ಲೇಔಟ್:

ಅಣ್ಣ, ಹಾಕಿ ಒಳಗೆ ಹೋಗಿ. ಕಂತು, ಮಕ್ಕಳ ಫೀಸು ಯಾರು ಕಟ್ಟುತ್ತಾರೆ? ನಮ್ಮ ಯಜಮಾನರು ಹೀಗೇ ಹಠ ಹಿಡಿದು ಎಂಟು ತಿಂಗಳು ಮನೆಯಲ್ಲಿ ಕೂತಿದ್ದರು. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ಮನೆ ನೋಡಿಕೊಳ್ಳಿ.

ಕಾರ್ಮಿಕ ವಕೀಲೆ:

ಇಪ್ಪತ್ತು ವರ್ಷದಿಂದ ಕಾರ್ಮಿಕರ ಕೇಸು ನಡೆಸುತ್ತಿದ್ದೇನೆ. ಆ ಹಾಳೆಗೆ ಇವತ್ತು ಸಹಿ ಹಾಕಬೇಡಿ. ಕಾರಣ ಹೇಳುತ್ತೇನೆ, ನಿಮಗೆ ಕಹಿಯಾದ ಭಾಗವನ್ನೂ ಮುಚ್ಚಿಡುವುದಿಲ್ಲ.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಮೊದಲು ಹದಿನಾಲ್ಕು ದಿನದ ನೋಟಿಸ್ ಕಡ್ಡಾಯ ಇದ್ದದ್ದು ನೀರು, ವಿದ್ಯುತ್‌ನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ಈಗ ಎಲ್ಲ ಕಾರ್ಖಾನೆಗೂ ಬೇಕು. ಬೆರಳು ಹೋದ ರಾತ್ರಿ ಮಷೀನ್ ಆಫ್ ಮಾಡುವವನು ಹದಿನಾಲ್ಕು ದಿನ ಮೊದಲೇ ನೋಟಿಸ್ ಹೇಗೆ ಕೊಡುತ್ತಾನೆ? ಈ ಕಾನೂನಿನಲ್ಲಿ ನನಗೆ ಅತಿ ನೋವು ಕೊಡುವ ಜಾಗ ಇದೇ. ಆದರೆ ಕಾನೂನಿನ ಲೆಕ್ಕದಲ್ಲಿ ನಿಮ್ಮದು ಅಕ್ರಮ ಮುಷ್ಕರ ಅಂತ ಅವರು ವಾದಿಸುತ್ತಾರೆ, ಆ ವಾದಕ್ಕೆ ಬಲ ಇದೆ.

ಶಿಕ್ಷೆ ಎಷ್ಟು? ಒಂದು ಸಾವಿರದಿಂದ ಹತ್ತು ಸಾವಿರ ರೂಪಾಯಿ ದಂಡ, ಅಥವಾ ಒಂದು ತಿಂಗಳವರೆಗೆ ಸಜೆ, ಅಥವಾ ಎರಡೂ. 1947ರ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಜೆ ಇಷ್ಟೇ ಇತ್ತು, ದಂಡ ಐವತ್ತು ರೂಪಾಯಿ. ಎಚ್‌ಆರ್ ನಿಮಗೆ ಹೇಳದ ಮಾತು ಒಂದಿದೆ. ಕಂಪನಿ ನೇರವಾಗಿ ಕೋರ್ಟಿಗೆ ಹೋಗಿ ಈ ಕೇಸು ಹಾಕಲು ಬರುವುದಿಲ್ಲ. ಸರ್ಕಾರ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟವರು ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಕೈಗೆತ್ತಿಕೊಳ್ಳುತ್ತದೆ. ಈ ಕಲಮಿನಲ್ಲಿ ಜೈಲಿಗೆ ಹೋದ ಒಬ್ಬ ಕಕ್ಷಿಗಾರನನ್ನೂ ನಾನು ಕಂಡಿಲ್ಲ.

ಮೂರು ದಿನದ ಸಂಬಳ ಕೇಳಿದರೂ ಸಿಗುವುದು ಕಷ್ಟ. ಸಿಂಡಿಕೇಟ್ ಬ್ಯಾಂಕ್ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ನ್ಯಾಯಸಮ್ಮತವೂ ಆಗಿರಬೇಕು, ಆಗ ಮಾತ್ರ ವೇತನ ಎಂದಿತು. ಎಂಟು ದಿನದ ಕಡಿತ ಬೇರೆ ಮಾತು. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ನೋಟಿಸ್ ಇಲ್ಲದೆ, ಸರಿಯಾದ ಕಾರಣವೂ ಇಲ್ಲದೆ ಗೈರಾದರೆ ಮಾತ್ರ ಅದು ನಡೆಯುತ್ತದೆ. ಅಂಥ ಷರತ್ತು ನಿಮ್ಮ ನೇಮಕಾತಿ ಪತ್ರದಲ್ಲೋ ಸ್ಥಾಯಿ ಆದೇಶದಲ್ಲೋ, ಅಂದರೆ ಕಾರ್ಖಾನೆಯ ಕೆಲಸದ ನಿಯಮಾವಳಿಯಲ್ಲೋ, ಇರಬೇಕು. ಪೆಟ್ಟಿಗೆಯಿಂದ ಆರ್ಡರ್ ತೆಗೆದು ಓದಿ. ಎರಡು ಬೆರಳು ಹೋಗಿರುವುದು ಸರಿಯಾದ ಕಾರಣ ಅಲ್ಲ ಅಂತ ಯಾರಾದರೂ ಕೋರ್ಟಿನಲ್ಲಿ ಎದ್ದು ನಿಂತು ಹೇಳಲಿ, ನೋಡೋಣ.

ಮುಚ್ಚಳಿಕೆ ವಿಷಯ. ಕಾನೂನುಬದ್ಧ ಮುಷ್ಕರದಲ್ಲಿದ್ದ ಕಾರ್ಮಿಕನಿಂದ ಸನ್ನಡತೆ ಮುಚ್ಚಳಿಕೆ ಬರೆಸಿಕೊಂಡೇ ಒಳಗೆ ಬಿಡುವುದು ಅನುಚಿತ ಕಾರ್ಮಿಕ ಪದ್ಧತಿ, ಸಂಹಿತೆಯ ಪಟ್ಟಿಯಲ್ಲೇ ಇದೆ. "ಕಾನೂನುಬದ್ಧ" ಅನ್ನುವ ಪದ ಅಲ್ಲಿದೆ ನೋಡಿ. ಅದಕ್ಕೇ ಅವರ ಹಾಳೆ "ಕಾನೂನುಬಾಹಿರ" ಅಂತ ಶುರುವಾಗುತ್ತದೆ. ಸಹಿ ಹಾಕಿದರೆ ಆ ರಕ್ಷಣೆಯನ್ನು ನೀವೇ ಕೈಯಾರೆ ಅಳಿಸಿದಂತೆ, ಐದು ಜನರ ವಿಚಾರಣೆಗೆ ಸಾಕ್ಷಿಯನ್ನೂ ಬರೆದುಕೊಟ್ಟಂತೆ.

ಪೊಲೀಸ್ ದೂರು ಏನಾದರೂ ಇದೆಯೇ? ಅದನ್ನು ಮೊದಲು ಹೇಳಿ.

ಪೀಣ್ಯ ಫಿಟ್ಟರ್:

ಮೇಡಂ, ಇದೆ. ಬರೆಯಲು ಧೈರ್ಯ ಬಂದಿರಲಿಲ್ಲ. ಆ ರಾತ್ರಿ ಮ್ಯಾನೇಜರ್ ಕೊಠಡಿ ಮುಂದೆ ಕೂತಿದ್ದೆವು. ಎರಡು ಗಂಟೆ ಹೊರಗೆ ಬಿಡಲಿಲ್ಲ ಅಂತ ಕಂಪ್ಲೇಂಟ್ ಕೊಟ್ಟಿದ್ದಾರಂತೆ. ಬಾಗಿಲು ತೆರೆದೇ ಇತ್ತು. ಯಾರೂ ಮೈ ಮುಟ್ಟಿಲ್ಲ. ಅವರಿಗೆ ಟೀ ಕೂಡ ಹೋಯಿತು.

ಕಾರ್ಮಿಕ ವಕೀಲೆ:

ಜೈಲಿನ ಭಯ ಇರುವುದು ಇಲ್ಲಿ, ಸಹೋದರ. ಅಕ್ರಮ ಬಂಧನದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ವರ್ಷದವರೆಗೆ ಸಜೆ ಇದೆ. ಮುಷ್ಕರದ ಕಾನೂನು ಸಣ್ಣ ಶಿಕ್ಷೆ ಇಟ್ಟುಕೊಂಡಿದೆ, ಕ್ರಿಮಿನಲ್ ಕಾನೂನು ದೊಡ್ಡದು ಇಟ್ಟುಕೊಂಡಿದೆ. ಒಂದೇ ರಾತ್ರಿಯ ಘಟನೆ ಯಾವ ಪುಸ್ತಕದಲ್ಲಿ ಬರೆಯಲ್ಪಡುತ್ತದೆ ಅನ್ನುವುದರ ಮೇಲೆ ಬದುಕು ನಿಂತಿರುತ್ತದೆ.

ಮಾನೇಸರ್ ನೆನಪಿಸಿಕೊಳ್ಳಿ. ಹರಿಯಾಣದ ಮಾರುತಿ ಕಾರ್ಖಾನೆ, 2012ರ ಜುಲೈ 18. ಗಲಭೆಯಲ್ಲಿ ಒಬ್ಬ ಎಚ್‌ಆರ್ ಅಧಿಕಾರಿಯ ಜೀವ ಹೋಯಿತು. ಅದು ಘೋರ, ಅದಕ್ಕೆ ಸಮಜಾಯಿಷಿ ಇಲ್ಲ. ವಿಚಾರಣೆ ಎದುರಿಸಿದವರು 148 ಕಾರ್ಮಿಕರು. 2013ರಲ್ಲಿ ಜಾಮೀನು ನಿರಾಕರಿಸುವಾಗ ಹೈಕೋರ್ಟ್, ಕಾರ್ಮಿಕ ಅಶಾಂತಿಗೆ ಹೆದರಿ ವಿದೇಶಿ ಹೂಡಿಕೆದಾರರು ಹಣ ಹಾಕದೆ ಹೋಗಬಹುದು ಎಂಬ ಮಾತನ್ನೂ ಬರೆಯಿತು. ಒಬ್ಬ ಮನುಷ್ಯನ ಜಾಮೀನಿಗೂ ಹೂಡಿಕೆಗೂ ಏನು ಸಂಬಂಧ ಅಂತ ನಾನು ಇವತ್ತಿಗೂ ಕೇಳುತ್ತೇನೆ. 2017ರ ಮಾರ್ಚ್‌ನಲ್ಲಿ ಗುರುಗ್ರಾಮದ ನ್ಯಾಯಾಲಯ 31 ಜನರನ್ನು ತಪ್ಪಿತಸ್ಥರೆಂದಿತು, 13 ಜನಕ್ಕೆ ಜೀವಾವಧಿ. ಉಳಿದ 117 ಜನ ನಿರ್ದೋಷಿಗಳು. ಆ ನಿರ್ದೋಷಿಗಳಲ್ಲಿ ಬಹಳ ಜನ ಅಷ್ಟರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದರು. ಅದು ಯಾವ ತೀರ್ಪಿನಲ್ಲೂ ಇಲ್ಲದ ಶಿಕ್ಷೆ. ನಿಮ್ಮದು ಅಷ್ಟು ದೊಡ್ಡದಲ್ಲ, ಹೆದರಿಸಲು ಹೇಳುತ್ತಿಲ್ಲ. ಪೊಲೀಸ್ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ಹೇಳುತ್ತಿದ್ದೇನೆ. ನಾಳೆಯೇ ಕ್ರಿಮಿನಲ್ ವಕೀಲರನ್ನು ನೋಡಿ. ಟೀ ತಂದ ಹುಡುಗ ಯಾರು, ಆ ದಾರಿಯ ಕ್ಯಾಮೆರಾ ಎಲ್ಲಿದೆ, ಬರೆದಿಡಿ.

ಕೆಲಸದಿಂದ ತೆಗೆದರೂ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. 1971ರಲ್ಲಿ ಹಳೆಯ ಕಾಯ್ದೆಗೆ 11ಎ ಕಲಂ ಸೇರಿಸಿದ ಮೇಲೆ, ತಪ್ಪಿಗೆ ಮೀರಿದ ಶಿಕ್ಷೆ ಅನ್ನಿಸಿದರೆ ವಜಾ ರದ್ದು ಮಾಡಿ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಬಂತು. ಹೊಸ ಸಂಹಿತೆಯಲ್ಲೂ ನ್ಯಾಯಮಂಡಳಿಗೆ ಆ ಅಧಿಕಾರ ಉಳಿದಿದೆ. ನನ್ನ ಕಕ್ಷಿಗಾರರು ಮರಳಿ ಯೂನಿಫಾರಂ ಹಾಕಿದ್ದು ಇದರಿಂದಲೇ.

ಹಳೇ ಯೂನಿಯನ್ನವನು:

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ ತಮ್ಮಾ. ಮುಷ್ಕರ ಮುಗಿದಿದೆ, ಕೆಲಸಕ್ಕೆ ಸಿದ್ಧ ಅಂತ ಒಬ್ಬೊಬ್ಬರೂ ಬರೆದು ಸ್ಪೀಡ್ ಪೋಸ್ಟ್ ಮಾಡಿ. ಆವತ್ತಿನಿಂದ ಒಳಗೆ ಬಿಡದಿರುವುದು ಅವರ ತೀರ್ಮಾನ ಆಗುತ್ತದೆ. ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ರಾಜಿ ಸಂಧಾನಕ್ಕೆ ಅರ್ಜಿ ಹಾಕಿ. ಸಂಧಾನ ನಡೆಯುತ್ತಿರುವಾಗ ಇದೇ ವಿವಾದಕ್ಕೆ ಸೇರಿದ ತಪ್ಪಿಗೆ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ನಿಮ್ಮನ್ನು ವಜಾ ಮಾಡಲು ಬರುವುದಿಲ್ಲ. ಆ ಅವಧಿಯಲ್ಲಿ ನೀವೂ ಮುಷ್ಕರ ಮಾಡುವ ಹಾಗಿಲ್ಲ, ಹುಡುಗರಿಗೆ ಬಿಡಿಸಿ ಹೇಳಿ. ಷೋಕಾಸ್‌ಗೆ ಗಡುವಿನೊಳಗೆ ಉತ್ತರ ಕೊಡಿ. ಲಾಗ್ ಬುಕ್ ಪುಟದ ಫೋಟೋ ಇದೆಯಾ?

ಪೀಣ್ಯ ಫಿಟ್ಟರ್:

ಇದೆ ಸರ್. ಎರಡನೇ ಸಲ ಬರೆದಾಗ ಏನೋ ಅನ್ನಿಸಿ ತೆಗೆದಿಟ್ಟುಕೊಂಡಿದ್ದೆ.

ಇವತ್ತು ಮೂವತ್ತೊಂಬತ್ತು ಜನ ಪತ್ರ ಪೋಸ್ಟ್ ಮಾಡಿದೆವು. ಹದಿನೇಳು ಜನ ಮುಚ್ಚಳಿಕೆಗೆ ಸಹಿ ಹಾಕಿ ಒಳಗೆ ಹೋದರು. ಅವರ ಮೇಲೆ ಬೇಜಾರಿಲ್ಲ, ಅವರ ಮನೆ ಕಷ್ಟ ನನಗೆ ಗೊತ್ತು. ಕಾರ್ಮಿಕ ಭವನದಲ್ಲಿ ಅರ್ಜಿ ತೆಗೆದುಕೊಂಡು ಸೀಲ್ ಹಾಕಿ ಕೊಟ್ಟರು, ಮುಂದಿನ ಬುಧವಾರ ಬರಲು ಹೇಳಿದ್ದಾರೆ. ಬೆರಳು ಹೋದ ಹುಡುಗ ಕಟ್ಟು ಹಾಕಿದ ಕೈಯಲ್ಲೇ ಬಂದಿದ್ದ. ಎಡಗೈ ಹೆಬ್ಬೆಟ್ಟು ಒತ್ತಲೇ ಅಂತ ಕೇಳಿದ. ಬೇಡ, ನಿಧಾನಕ್ಕೆ ಹೆಸರೇ ಬರಿ ಅಂದೆ. ಬರೆದ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬುಧವಾರ ತಾನೂ ಬರುತ್ತೇನೆ ಅಂದರು.