ಎಂಟು ವಿಮಾನ ದಾಟಿದರೆ ಕೈ ಸೋಲುತ್ತದೆ, ಎಟಿಸಿ ಆಟ ಆಡಿದವರು ಅನುಭವ ಹೇಳಿ

ಪೆರ್ಲದಿಂದ ಪ್ರಶ್ನೆ:

ನಾನು ಬಿಎಸ್ಸಿ ಎರಡನೇ ವರ್ಷ. ಎರಡು ತಿಂಗಳಿಂದ ಫೋನಿನಲ್ಲಿ ಎಂಡ್‌ಲೆಸ್ ಎಟಿಸಿ ಆಡುತ್ತಿದ್ದೇನೆ. ಎಟಿಸಿ ಅಂದರೆ ಏರ್ ಟ್ರಾಫಿಕ್ ಕಂಟ್ರೋಲ್, ವಿಮಾನ ಸಂಚಾರ ನಿಯಂತ್ರಣ. ರಾಡಾರ್ ಪರದೆಗೆ ಬರುವ ವಿಮಾನಗಳಿಗೆ ದಿಕ್ಕು, ಎತ್ತರ, ವೇಗ ಹೇಳಿ ರನ್‌ವೇಗೆ ತಲುಪಿಸುವ ಆಟ ಅದು. ತಪ್ಪಿಲ್ಲದೆ ಆಡಿದಷ್ಟೂ ವಿಮಾನ ಜಾಸ್ತಿ ಬರುತ್ತವೆ. ಐದಾರು ಇರುವವರೆಗೆ ಸಲೀಸು. ಎಂಟಾದ ಮೇಲೆ ಯಾವುದಾದರೂ ಎರಡು ತೀರಾ ಹತ್ತಿರ ಬಂದುಬಿಡುತ್ತವೆ. ಏನು ಮಾಡಲಿ? ಮುಂದೆ ಈ ಕೆಲಸಕ್ಕೇ ಹೋಗುವ ಆಸೆ ಇದೆ. ಆಟದಿಂದ ಪ್ರಯೋಜನ ಉಂಟಾ?

ಬದಿಯಡ್ಕದಿಂದ:

ತಮ್ಮಾ, ನಾನೂ ಇದೇ ಎಂಟರಲ್ಲಿ ನಾಲ್ಕು ತಿಂಗಳು ಸಿಕ್ಕಿಬಿದ್ದಿದ್ದೆ. ಬೆರಳು ಚುರುಕಾದರೆ ಸರಿಯಾಗುತ್ತದೆ ಅಂತ ತಿಳಿದಿದ್ದೆ. ದಾರಿ ಕಂಡದ್ದು ಒಂದು ಮದುವೆ ಮನೆಯಲ್ಲಿ.

ಅವತ್ತು ಸುಧಾರಿಕೆಗೆ, ಅಂದರೆ ಬಡಿಸಲಿಕ್ಕೆ, ನಿಂತಿದ್ದೆ. ನನ್ನ ಕೈಯಲ್ಲಿ ಸಾರಿನ ಬಾಲ್ದಿ. ಮುಂದೆ ಅನ್ನದವರು ಎಲ್ಲರನ್ನೂ ಮಾತಾಡಿಸುತ್ತಾ ನಿಧಾನವಾಗಿ ಹೋಗುತ್ತಿದ್ದರು. ನಾನು ಬೇಗ ಬೇಗ ಬಡಿಸಿ ಅವರ ಬೆನ್ನಿಗೇ ಹೋಗಿ ನಿಂತೆ. ಕುದಿಯುವ ಸಾರು ಹಿಡಿದುಕೊಂಡು ನಿಲ್ಲುವ ಕಷ್ಟ ನಿಂತವರಿಗೇ ಗೊತ್ತು. ಅಷ್ಟರಲ್ಲಿ ಹಿಂದಿನಿಂದ ಸಾಂಬಾರಿನವರು ಬಂದು ನನಗೆ ತಾಗಿದರು. ಹಿರಿಯರೊಬ್ಬರು ಕೂಗಿ ಹೇಳಿದರು: “ಅಲ್ಲಿ ಹೋಗಿ ನಿಲ್ಲಬೇಡ ಮಾರಾಯ, ಹೊರಡುವಾಗಲೇ ನಾಲ್ಕು ಎಲೆ ಬಿಟ್ಟು ಹೊರಡು.”

ವಿಮಾನಕ್ಕಂತೂ ನಿಲ್ಲಲಿಕ್ಕೇ ಆಗುವುದಿಲ್ಲ. ಹಾಗಾಗಿ ನಾಲ್ಕು ಎಲೆ ಬಿಡುವ ಕೆಲಸ ಪರದೆಯ ಅಂಚಿನಲ್ಲೇ ಮುಗಿಯಬೇಕು. ಹೊಸ ವಿಮಾನ ಕಂಡ ಕೂಡಲೇ “ಇದು ಎಷ್ಟನೆಯದು?” ಅಂತ ಕೇಳಿಕೋ. ಮೂರನೆಯದು ಅಂತ ತೀರ್ಮಾನವಾದರೆ ಅಲ್ಲೇ ಅದರ ವೇಗ 250 ನಾಟ್‌ನಿಂದ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) 210ಕ್ಕೆ ಇಳಿಸು. ಹತ್ತಿರ ಬಂದ ಮೇಲೆ ಇಳಿಸುತ್ತೇನೆ ಅಂದರೆ ಆಗುವುದಿಲ್ಲ. ಕೆಳಗಿಳಿಯುತ್ತಲೇ ವೇಗವನ್ನೂ ಕಡಿಮೆ ಮಾಡುವುದು ವಿಮಾನಕ್ಕೆ ಕಷ್ಟ.

ಲೆಕ್ಕ ಸುಲಭ. ಆಟದ ನಿಯಮದಂತೆ ಎರಡು ವಿಮಾನಗಳ ನಡುವೆ 3 ನಾಟಿಕಲ್ ಮೈಲಿ ಬೇಕು, ಇಲ್ಲವೇ 1,000 ಅಡಿ ಎತ್ತರದ ವ್ಯತ್ಯಾಸ ಬೇಕು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್, ಮುಂದೆ ಬರೀ ಮೈಲಿ ಅಂದರೂ ಅದೇ. 180 ನಾಟ್‌ನಲ್ಲಿ ಹೋಗುವ ವಿಮಾನ ನಿಮಿಷಕ್ಕೆ ಸರಿಯಾಗಿ 3 ಮೈಲಿ ಸಾಗುತ್ತದೆ. ಮುಂದಿನದು 180ರಲ್ಲಿ, ಹಿಂದಿನದು 210ರಲ್ಲಿ ಇದ್ದರೆ ನಡುವಿನ ಅಂತರ ನಿಮಿಷಕ್ಕೆ ಅರ್ಧ ಮೈಲಿ ಕರಗುತ್ತದೆ. 4 ಮೈಲಿ ಇದ್ದದ್ದು ಎರಡೇ ನಿಮಿಷದಲ್ಲಿ 3ಕ್ಕೆ ಬಂತು ಅಲ್ವಾ? ನೀನು ಬೇರೆ ಕಡೆ ನೋಡುತ್ತಿರುವಾಗ ಆಗುವುದು ಇದೇ.

ಗೊಂದಲವಾದಾಗ ನಾನು ದಿಕ್ಕು ಮುಟ್ಟುವುದಿಲ್ಲ, ಮೊದಲು ಎತ್ತರ ಬೇರೆ ಮಾಡುತ್ತೇನೆ. ಒಂದು 4,000 ಅಡಿಯಲ್ಲಿ, ಇನ್ನೊಂದು 5,000ದಲ್ಲಿ. ಆಮೇಲೆ ಸಮಾಧಾನದಿಂದ ತಿರುಗಿಸಬಹುದು.

ಇನ್ನೊಂದು ವಿಷಯ. ಇಳಿಯುವ ದಾರಿ ಸಾಮಾನ್ಯವಾಗಿ 3 ಡಿಗ್ರಿ ಓರೆ. ಮೈಲಿಗೆ ಸುಮಾರು 300 ಅಡಿ. ರನ್‌ವೇಯಿಂದ 10 ಮೈಲಿ ದೂರದಲ್ಲಿ 3,000 ಅಡಿ ಆಸುಪಾಸಿನಲ್ಲಿ ಇರಬೇಕು. ಆ ದಾರಿಯನ್ನು ಕೆಳಗಿನಿಂದ ಬಂದು ಹಿಡಿಯಬೇಕು, ಪಕ್ಕದಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಸೇರಬೇಕು. ಎತ್ತರ ಜಾಸ್ತಿಯಾಗಿದೆ ಅನಿಸಿದರೆ ಒತ್ತಾಯದಿಂದ ಇಳಿಸಬೇಡ, ಮೇಲೆ ಕಳಿಸಿ ಇನ್ನೊಂದು ಸುತ್ತು ತಾ. ಆಟದಲ್ಲಿ ಅಂಕ ಹೋದರೂ ಹೋಗಲಿ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ನಮ್ಮ ಜಿಲ್ಲೆಯವರೂ ಅದರಲ್ಲಿ ಎಷ್ಟೋ ಮಂದಿ. ಇಳಿಯುವ ದಾರಿಗಿಂತ ತುಂಬಾ ಮೇಲಿದ್ದರೂ ವಾಪಸ್ ಏರದೆ ಇಳಿಸಿದ್ದೇ ಮುಖ್ಯ ಕಾರಣ ಅಂತ ತನಿಖೆಯಲ್ಲಿ ಬಂತು. ಅದು ತಿಳಿದ ಮೇಲೆ ಆಟದಲ್ಲಿ ಕೂಡ ನನಗೆ ಒತ್ತಿ ಇಳಿಸಲು ಮನಸ್ಸು ಬರುವುದಿಲ್ಲ.

ಹೊಸೂರಿನಿಂದ:

ಮೇಲಿನ ಅಣ್ಣ ಹೇಳಿದ ನಾಲ್ಕು ಎಲೆ ಲೆಕ್ಕ ಸರಿ. ಆದರೆ ಎಲ್ಲ ವಿಮಾನಕ್ಕೂ ಒಂದೇ ಅಂತರ ಅಂತ ರೂಢಿ ಮಾಡಿಕೊಳ್ಳಬೇಡಿ. ದೊಡ್ಡ ವಿಮಾನದ ರೆಕ್ಕೆಯ ಹಿಂದೆ ಗಾಳಿ ಸುಳಿ ಏಳುತ್ತದೆ. 136 ಟನ್ ಮತ್ತು ಅದಕ್ಕೂ ಜಾಸ್ತಿ ತೂಕದವನ್ನು ‘ಹೆವಿ’ ಅನ್ನುತ್ತಾರೆ. ನಮ್ಮಲ್ಲಿ ದಿನಾ ಹಾರುವ ಎ320, ಬೋಯಿಂಗ್ 737 ಎಲ್ಲ ‘ಮೀಡಿಯಂ’. ಹೆವಿ ಹಿಂದೆ ಮೀಡಿಯಂ ಬಂದರೆ 5 ಮೈಲಿ ಬಿಡಬೇಕು, ಸಣ್ಣದು ಬಂದರೆ 6.

ಫೋನಿನಲ್ಲೇ ಇದ್ದುಬಿಡಬೇಡಿ. ಕಂಪ್ಯೂಟರ್ ಸಿಕ್ಕರೆ ಬ್ರೌಸರಿನಲ್ಲಿ ಓಪನ್‌ಸ್ಕೋಪ್ ತೆರೆಯಿರಿ, ಉಚಿತ. ಅದರಲ್ಲಿ ಬೆರಳಿಂದ ಎಳೆಯುವಂತಿಲ್ಲ, ವಿಮಾನದ ಹೆಸರು ಹಾಕಿ ಆದೇಶವನ್ನು ಟೈಪ್ ಮಾಡಬೇಕು. ಮೊದಲ ವಾರ ಸಾಕಪ್ಪಾ ಅನಿಸುತ್ತದೆ. ಆದರೆ ಟೈಪ್ ಮಾಡುವಷ್ಟು ಹೊತ್ತು ಯೋಚನೆ ಮಾಡಲೇಬೇಕಾಗುತ್ತದೆ, ಸುಮ್ನೆ ತಿರುಗಿಸಿ ನೋಡುವ ಚಟ ಹೋಗುತ್ತದೆ. ನಾನು ಪಕ್ಕದಲ್ಲಿ ಹಳೇ ಕ್ಯಾಲೆಂಡರ್ ಹಾಳೆಯ ಚೀಟಿ ಇಟ್ಟುಕೊಂಡು ಒಂದೊಂದು ವಿಮಾನಕ್ಕೆ ಒಂದೊಂದು ಚೀಟಿ ಬರೆಯುತ್ತೇನೆ. ನಿಜವಾದ ಟವರಿನಲ್ಲೂ ಹೀಗೆ ಪಟ್ಟಿ ಪಟ್ಟಿ ಕಾಗದ ಬಳಸುವ ಪದ್ಧತಿ ಇದೆ, ಸ್ಟ್ರಿಪ್ ಅಂತಾರೆ. ಇಳಿದದ್ದರ ಚೀಟಿ ತೆಗೆದು ಕೆಳಗೆ ಹಾಕುವಾಗ ತಲೆಯೂ ಹಗುರ ಆಗುತ್ತದೆ.

ಅಕ್ಕಲಕೋಟೆಯಿಂದ:

ತಮ್ಮಾ, ಕೆಲಸದ ಆಸೆ ಇದೆ ಅಂದಿದ್ದೀರಿ, ಅದಕ್ಕೆ ಒಂದು ಮಾತು. ಬಾಯಿ ತೆರೆದು ಹೇಳುವುದನ್ನು ಈಗಲೇ ಕಲಿಯಿರಿ. ನಮ್ಮ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ವ್ಯಾಟ್‌ಸಿಮ್ ಅನ್ನುವ ಆನ್‌ಲೈನ್ ಕೂಟ ಸೇರಿದ ಮೇಲೆ ಬಂತು. ಅದು 2001ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಒಂದು ಕಡೆ ಸಿಮ್ಯುಲೇಟರಿನಲ್ಲಿ ಹಾರಿಸುವವರು, ಇನ್ನೊಂದು ಕಡೆ ಕಂಟ್ರೋಲರ್, ಇಬ್ಬರೂ ಜೀವಂತ ಮನುಷ್ಯರು. ಕಂಟ್ರೋಲರ್ ಆಗಲು ತರಬೇತಿ, ಪರೀಕ್ಷೆ ಎಲ್ಲ ಇದೆ.

ಅಲ್ಲಿ ಒಮ್ಮೆ ನಾನು 210 ಡಿಗ್ರಿ ದಿಕ್ಕಿಗೆ ತಿರುಗು ಅಂದೆ. ಪೈಲಟ್ ನನ್ನ ಮಾತನ್ನು 120 ಅಂತ ಮರಳಿ ಹೇಳಿದರು. ನಾನು ಮುಂದಿನ ವಿಮಾನದ ಯೋಚನೆಯಲ್ಲಿ ಕೇಳಿಸಿಕೊಳ್ಳಲೇ ಇಲ್ಲ. ಅವರು ತಿರುಗಿದ್ದು ಇನ್ನೊಂದು ವಿಮಾನದ ಕಡೆಗೆ. ಅವತ್ತಿಂದ ಪೈಲಟ್ ಮರಳಿ ಹೇಳುವವರೆಗೆ ನನ್ನ ಕಣ್ಣು ಬೇರೆ ಕಡೆ ಹೋಗುವುದಿಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಸಿಗದೆಯೇ ಒಂದು ಹೊರಟುಬಿಟ್ಟಿತ್ತು. ರೇಡಿಯೋ ಮಾತು ಅರೆಬರೆ ಕೇಳಿದ್ದೂ ಅದಕ್ಕೆ ಕಾರಣ. ಆಮೇಲೆ ‘ಟೇಕ್ ಆಫ್’ ಅನ್ನುವ ಪದವನ್ನು ನಿಜವಾಗಿ ಹಾರಲು ಅನುಮತಿ ಕೊಡುವಾಗ, ಇಲ್ಲವೇ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕು ಅಂತ ಆಯಿತು. ಉಳಿದ ಕಡೆ ‘ಡಿಪಾರ್ಚರ್’ ಅನ್ನಬೇಕು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಆಳು ತೆಗೆದುಕೊಳ್ಳುವುದು ಏರ್‌ಪೋರ್ಟ್ಸ್ ಅಥಾರಿಟಿ. ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಬೇಕು. ನಿಮ್ಮದು ಆ ಜೋಡಿ ಹೌದೋ ಅಲ್ಲವೋ ನೋಡಿಕೊಳ್ಳಿ. ಆಯ್ಕೆಯಾದವರ ತರಬೇತಿ ಕಾಲೇಜು ಪ್ರಯಾಗ್‌ರಾಜ್‌ನಲ್ಲಿದೆ. ಆಟ ಆಡಿದ್ದಕ್ಕೆ ಅಲ್ಲಿ ಅಂಕ ಇಲ್ಲ, ಆದರೆ ಪದಗಳು ಹೊಸದು ಅನಿಸುವುದಿಲ್ಲ.

ಪೆರ್ಲದಿಂದ ಮತ್ತೆ:

ಭೌತಶಾಸ್ತ್ರ, ಗಣಿತ ಎರಡೂ ಉಂಟು! ನಿನ್ನೆ ರಾತ್ರಿ ನಾಲ್ಕು ಎಲೆ ಬಿಟ್ಟು ಆಡಿದೆ. ಅಂಚಿನಲ್ಲೇ 210, ಆಮೇಲೆ 180. ಹನ್ನೊಂದು ವಿಮಾನದವರೆಗೆ ಹೋದೆ. ಒಂದು ಎತ್ತರದಲ್ಲಿ ಬಂತು, ಇಳಿಸದೆ ವಾಪಸ್ ಸುತ್ತು ಹಾಕಿಸಿದೆ. ಅದು ಸಾಲಿನ ಕೊನೆಗೆ ಸೇರಿ ಸರಿಯಾಗಿ ಇಳಿಯಿತು. ಒಂದು ಸಂಶಯ: ಹೀಗೆ ವಾಪಸ್ ಕಳಿಸಿದ್ದನ್ನು ಕೊನೆಗೇ ಸೇರಿಸಬೇಕಾ, ನಡುವೆ ಜಾಗ ಮಾಡಬಹುದಾ?

ಬದಿಯಡ್ಕದಿಂದ:

ನಡುವೆ 6 ಮೈಲಿ ಖಾಲಿ ಇದ್ದರೆ ಮಾತ್ರ ಸೇರಿಸು. ಮುಂದೆ 3, ಹಿಂದೆ 3. ಹೆವಿ ಇದ್ದರೆ ಹೊಸೂರಿನವರು ಹೇಳಿದ ಲೆಕ್ಕ. ಇಲ್ಲದಿದ್ದರೆ ಕೊನೆಗೇ.