ಬೀಗಲ್‌ಬೋನ್ ಬ್ಲ್ಯಾಕ್: ಕರ್ನಲ್ ಚಿಕ್ಕದು ಮಾಡಲು ಹೋದೆ, ಈಗ 'ಸ್ಟಾರ್ಟಿಂಗ್ ಕರ್ನಲ್' ಆದಮೇಲೆ ಒಂದಕ್ಷರವೂ ಇಲ್ಲ

ತೋಟದ_ಬೋರ್ಡ್:

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಯಿಂದ ಇದರ ಮುಂದೆ ಕೂತಿದ್ದೇನೆ, ದಾರಿ ಕಾಣುತ್ತಿಲ್ಲ.

ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಪಂಪ್‌ಹೌಸಿನಲ್ಲಿ ಒಂದು ಬೀಗಲ್‌ಬೋನ್ ಬ್ಲ್ಯಾಕ್ ಹಾಕಿದ್ದೇನೆ, ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅದು. 512 ಎಂಬಿ ಮೆಮೊರಿ, ಒಂದೇ ಕೋರ್, ನಮ್ಮ ಕೆಲಸಕ್ಕೆ ಧಾರಾಳ. ಅದು ಮಾಡುವುದು ಇಷ್ಟೇ: ಟ್ಯಾಂಕಿನಲ್ಲಿ ನೀರು ಎಷ್ಟಿದೆ ನೋಡುತ್ತದೆ, ಡಿಎಸ್18ಬಿ20 ಸೆನ್ಸರ್‌ನಿಂದ ಮೋಟರ್ ಎಷ್ಟು ಬಿಸಿಯಾಗಿದೆ ಅಂತ ತಿಳಿದುಕೊಳ್ಳುತ್ತದೆ, ರಿಲೇ ಮೂಲಕ ಸ್ಟಾರ್ಟರ್ ಆನ್ ಮಾಡುತ್ತದೆ, ಗಂಟೆಗೊಂದು ಸಲ ಮನೆಯ ಕಂಪ್ಯೂಟರ್‌ಗೆ ಲೆಕ್ಕ ಕಳಿಸುತ್ತದೆ. ಬೇಸಿಗೆಯಲ್ಲಿ ತ್ರೀ ಫೇಸ್ ಸಿಗುವುದೇ ಕೆಲವು ಗಂಟೆ, ಅದರಲ್ಲೂ ನಾಲ್ಕೈದು ಸಲ ಹೋಗಿ ಬರುತ್ತದೆ. ಬೋರ್ಡ್ ಪ್ರತಿ ಸಲ ಎದ್ದು ಕೆಲಸ ಶುರು ಮಾಡಲು 40 ಸೆಕೆಂಡ್ ಹತ್ತಿರ ತೆಗೆದುಕೊಳ್ಳುತ್ತದೆ. ಇದನ್ನು ಕಡಿಮೆ ಮಾಡಬೇಕು ಅನ್ನುವುದೇ ನನ್ನ ಆಸೆ.

ಹಾಗಾಗಿ ಸ್ವಂತ ಕರ್ನಲ್ (ಲಿನಕ್ಸಿನ ತಿರುಳು) ಬಿಲ್ಡ್ ಮಾಡಲು ಕೂತೆ. ಓಮ್ಯಾಪ್2ಪ್ಲಸ್ ಡೆಫ್‌ಕಾನ್ಫಿಗ್ (ಈ ಥರದ ಚಿಪ್‌ಗಳಿಗೆ ಕರ್ನಲ್ ಜೊತೆಗೇ ಬರುವ ಆಯ್ಕೆಗಳ ಪಟ್ಟಿ) ತೆಗೆದುಕೊಂಡು ಹಾಗೇ ಬಿಲ್ಡ್ ಮಾಡಿದಾಗ ಚೆನ್ನಾಗಿ ಬೂಟ್ ಆಯಿತು. ಆಮೇಲೆ ಮೆನುಕಾನ್ಫಿಗ್ (ಆ ಆಯ್ಕೆಗಳನ್ನು ಬದಲಿಸುವ ಮೆನು) ತೆರೆದು ಬೇಡ ಅನ್ನಿಸಿದ್ದನ್ನೆಲ್ಲ ಒಂದೇ ಸಲಕ್ಕೆ ತೆಗೆದೆ. ಸೌಂಡ್, ಗ್ರಾಫಿಕ್ಸ್, ವೈಫೈ, ಎನ್‌ಎಫ್‌ಎಸ್, ಕ್ಯಾಮೆರಾ, 'ಟಿಪಿಕಲ್ ಓಮ್ಯಾಪ್ ಕಾನ್ಫಿಗರೇಷನ್' ಅಂತ ಒಂದಿತ್ತು ಅದು, ರೆಗ್ಯುಲೇಟರ್ ಮೆನುವಿನಲ್ಲಿ ಈ ಬೋರ್ಡಿನ ಪವರ್ ಚಿಪ್ ಟಿಪಿಎಸ್65217 ಬಿಟ್ಟು ಉಳಿದದ್ದು, ಸೀರಿಯಲ್ ಮೆನುವಿನಲ್ಲೂ ಒಂದೆರಡು. ಝಡ್‌ಇಮೇಜ್, ಅಂದರೆ ಕರ್ನಲ್ ಫೈಲ್, ಅರ್ಧದಷ್ಟಾಯಿತು. ಎಸ್‌ಡಿ ಕಾರ್ಡಿಗೆ ಹಾಕಿ ಪವರ್ ಕೊಟ್ಟರೆ ಸೀರಿಯಲ್ ಕೇಬಲ್‌ನಲ್ಲಿ ಯು-ಬೂಟ್ (ಕರ್ನಲ್ ಎಬ್ಬಿಸುವ ಪ್ರೋಗ್ರಾಮ್) ಬರುತ್ತದೆ, 'ಸ್ಟಾರ್ಟಿಂಗ್ ಕರ್ನಲ್' ಅನ್ನುತ್ತದೆ, ಅಲ್ಲಿಗೆ ಮುಗಿಯಿತು. ಹತ್ತು ನಿಮಿಷ ಕಾದರೂ ಏನೂ ಇಲ್ಲ.

ಬೂಟ್‌ಆರ್ಗ್ಸ್‌ನಲ್ಲಿ (ಯು-ಬೂಟ್ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ಕನ್ಸೋಲ್, ಅಂದರೆ ಸಂದೇಶ ಬರುವ ಪೋರ್ಟ್, ಟಿಟಿವೈಓ0, ವೇಗ 115200. ರೂಟ್, ಅಂದರೆ ಸಿಸ್ಟಮ್ ಇರುವ ಕಾರ್ಡಿನ ಪಾರ್ಟಿಷನ್, ಎಂಎಂಸಿಬಿಎಲ್‌ಕೆ0ಪಿ1, ಜೊತೆಗೆ ರೂಟ್‌ವೇಟ್. ಹಳೇ ಕರ್ನಲ್‌ಗೆ ಇದೇ ಸಾಲು ಕೆಲಸ ಮಾಡುತ್ತಿತ್ತು. ಎಲ್ಲಿಂದ ಹುಡುಕಲಿ?

ಸೀರಿಯಲ್_ಕೇಬಲ್:

ಮೊದಲನೇ ಮಾತು, ಕರ್ನಲ್ ಸತ್ತಿದೆ ಅಂತ ಅಂದುಕೊಳ್ಳಬೇಡಿ. 'ಸ್ಟಾರ್ಟಿಂಗ್ ಕರ್ನಲ್' ಅನ್ನುವುದು ಯು-ಬೂಟ್ ಆಡುವ ಕೊನೇ ಮಾತು. ಅದಾದ ಮೇಲೆ ಕರ್ನಲ್ ತನ್ನ ಕನ್ಸೋಲ್ ಡ್ರೈವರ್ ಎಬ್ಬಿಸಿಕೊಳ್ಳುವವರೆಗೆ ಒಂದಕ್ಷರವೂ ನಮಗೆ ಕಾಣುವುದಿಲ್ಲ. ಒಳಗೆ ಎಲ್ಲ ನಡೆಯುತ್ತಿರಬಹುದು, ಹೇಳಲು ಬಾಯಿಲ್ಲ ಅಷ್ಟೇ.

ನಿಮ್ಮ ಬೂಟ್‌ಆರ್ಗ್ಸ್‌ನಲ್ಲಿ ಟಿಟಿವೈಓ0 ಇದೆ ನೋಡಿ. ಅದು ಹಳೇ ಓಮ್ಯಾಪ್ ಸೀರಿಯಲ್ ಡ್ರೈವರಿನ ಹೆಸರು. ಈಗ ಬಳಸುವ 8250 ಓಮ್ಯಾಪ್ ಡ್ರೈವರ್ ಅದೇ ಪೋರ್ಟಿಗೆ ಟಿಟಿವೈಎಸ್0 ಅಂತ ಹೆಸರು ಕೊಡುತ್ತದೆ. ಹಾಗಾದರೆ ಮೊದಲು ಹೇಗೆ ಬರುತ್ತಿತ್ತು? 8250 ಮೆನುವಿನಲ್ಲಿ 'ರಿಪ್ಲೇಸ್ ಟಿಟಿವೈಓ ವಿತ್ ಟಿಟಿವೈಎಸ್' ಅಂತ ಒಂದು ಆಯ್ಕೆ ಇದೆ. ಹಳೇ ಹೆಸರು ಬರೆದಿದ್ದರೂ ಅದು ಒಳಗೇ ಹೊಸ ಹೆಸರಿಗೆ ತಿರುಗಿಸಿಕೊಳ್ಳುತ್ತದೆ. ಸೀರಿಯಲ್‌ನಲ್ಲಿ ಒಂದೆರಡು ತೆಗೆದೆ ಅಂದಿರಲ್ಲ, ಅದೂ ಹೋಗಿದೆ ಅಂತ ನನಗೆ ಅನುಮಾನ. ಕರ್ನಲ್ ಮುಟ್ಟಬೇಡಿ. ಯು-ಬೂಟ್ ಪ್ರಾಂಪ್ಟಿನಲ್ಲಿ ಬೂಟ್‌ಆರ್ಗ್ಸ್ ಬದಲಿಸಿ ಟಿಟಿವೈಎಸ್0 ಕೊಟ್ಟು ನೋಡಿ. ಎರಡು ನಿಮಿಷದ ಕೆಲಸ.

ಅದಕ್ಕೂ ಬರದಿದ್ದರೆ ಕರ್ನಲ್ ಹ್ಯಾಕಿಂಗ್ ಮೆನುವಿನಲ್ಲಿ ಲೋ-ಲೆವೆಲ್ ಡಿಬಗ್ಗಿಂಗ್ ಆನ್ ಮಾಡಿ, ಪೋರ್ಟ್ ಎಎಂ33ಎಕ್ಸ್‌ಎಕ್ಸ್ ಯುಎಆರ್‌ಟಿ1 ಆರಿಸಿ (ಅಲ್ಲಿ 1 ಅಂತ ಬರೆದಿದ್ದರೂ ನಿಮ್ಮ ಕೇಬಲ್ ಹಾಕಿರುವ ಯುಎಆರ್‌ಟಿ0 ಅದೇ), ಅರ್ಲಿ ಪ್ರಿಂಟ್‌ಕೆ ಕೂಡ ಆನ್ ಮಾಡಿ ಬೂಟ್‌ಆರ್ಗ್ಸ್‌ಗೆ ಸೇರಿಸಿ. ಕರ್ನಲ್ ಬಿಚ್ಚಿಕೊಳ್ಳುವ ಹೊತ್ತಿನಿಂದಲೇ ಅಕ್ಷರ ಬರಲು ಶುರುವಾಗುತ್ತದೆ. ಹುಡುಕಾಟ ಮುಗಿದ ಮೇಲೆ ತೆಗೆದುಬಿಡಿ, ಆ ಕರ್ನಲ್ ಬೇರೆ ಬೋರ್ಡಿಗೆ ಆಗುವುದಿಲ್ಲ.

ಇನ್ನೊಂದು, ಸೀರಿಯಲ್ ಕೇಬಲ್ 3.3 ವೋಲ್ಟಿನದ್ದೇ ಅಲ್ವಾ? 5 ವೋಲ್ಟಿನದ್ದು ಹಾಕಿದರೆ ಪಿನ್ನು ಹಾಳಾಗಬಹುದು.

ತೋಟದ_ಬೋರ್ಡ್:

ಸರ್, ಬಂತು! ಟಿಟಿವೈಎಸ್0 ಕೊಟ್ಟ ತಕ್ಷಣ ಪರದೆ ತುಂಬ ಅಕ್ಷರ. ನೀವು ಹೇಳಿದ ಆಯ್ಕೆಯನ್ನು ನಾನೇ ತೆಗೆದಿದ್ದೆ, ಈಗ ನೋಡಿದೆ. ಕೇಬಲ್ 3.3 ವೋಲ್ಟಿನದ್ದೇ.

ಆದರೆ ಪೂರ್ತಿ ಬೂಟ್ ಆಗುತ್ತಿಲ್ಲ. ಕೊನೆಗೆ 'ವೇಟಿಂಗ್ ಫಾರ್ ರೂಟ್ ಡಿವೈಸ್' ಅಂತ ಎಂಎಂಸಿಬಿಎಲ್‌ಕೆ0ಪಿ1 ಹೆಸರು ಹೇಳಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ 48060000.ಎಂಎಂಸಿ 'ಡೆಫರ್ಡ್ ಪ್ರೋಬ್ ಪೆಂಡಿಂಗ್' ಅಂತ ಒಂದು ಸಾಲು ಬರುತ್ತದೆ. ಎಂಎಂಸಿ (ಎಸ್‌ಡಿ ಕಾರ್ಡ್) ಡ್ರೈವರ್, ಎಕ್ಸ್ಟ್4 (ಕಾರ್ಡಿನ ಫೈಲ್ ಸಿಸ್ಟಮ್) ಎರಡಕ್ಕೂ ಸ್ಟಾರ್ ಇದೆ (ಕರ್ನಲ್ ಒಳಗೇ ಸೇರಿದೆ), ಎಂ (ಬೇರೆ ಮಾಡ್ಯೂಲ್ ಫೈಲ್) ಅಲ್ಲ, ಎರಡು ಸಲ ನೋಡಿದೆ. ಕಾರ್ಡ್ ಕೂಡ ಸರಿ ಇದೆ, ಯು-ಬೂಟ್ ಅದೇ ಕಾರ್ಡಿನಿಂದ ಕರ್ನಲ್ ಓದುತ್ತಿದೆ.

ಬೂಟ್_ಲಾಗ್:

ಆ 'ಡೆಫರ್ಡ್ ಪ್ರೋಬ್' ಸಾಲಿನಲ್ಲೇ ಉತ್ತರ ಇದೆ. ಎಂಎಂಸಿ ಡ್ರೈವರ್ ಇದೆ, ಶುರುವಾಗಲು ಹೋಗಿದೆ, ಆದರೆ ತನಗೆ ಬೇಕಾದ ಇನ್ನೊಂದು ಇನ್ನೂ ಬಂದಿಲ್ಲ, ಬರಲಿ ಅಂತ ಕಾಯುತ್ತಿದೆ. ರೂಟ್‌ವೇಟ್ ಕೊಟ್ಟಿರುವುದರಿಂದ ಕರ್ನಲ್ ಕೂಡ ಕಾರ್ಡ್ ಬರಲಿ ಅಂತ ಕಾಯುತ್ತಿದೆ.

ಬರಬೇಕಾದದ್ದು ಯಾವುದು? ಈ ಬೋರ್ಡಿನ ಡಿವೈಸ್ ಟ್ರೀ ಫೈಲ್ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವುದು) ತೆರೆದು ಎಂಎಂಸಿ1 ಭಾಗ ನೋಡಿ. ವಿಎಂಎಂಸಿ ಸಪ್ಲೈ ಅಂತ ಒಂದು ಸಾಲು ಇರುತ್ತದೆ, ಅದು ವಿಎಂಎಂಸಿಎಸ್‌ಡಿ ಫಿಕ್ಸೆಡ್ ಅನ್ನುವ ರೆಗ್ಯುಲೇಟರ್ ಕಡೆಗೆ ಬೆರಳು ತೋರಿಸುತ್ತದೆ. ಕಾರ್ಡಿಗೆ ಹೋಗುವ 3.3 ವೋಲ್ಟ್ ಅದು. ಏರಿಳಿಸಲು ಬರುವುದಿಲ್ಲ, ಯಾವಾಗಲೂ ಇದ್ದೇ ಇರುತ್ತದೆ. ಆದರೂ ಕರ್ನಲ್‌ಗೆ 'ಕರೆಂಟು ಇದೆ' ಅಂತ ಹೇಳಲು ಒಂದು ಡ್ರೈವರ್ ಬೇಕು, ಅದೇ 'ಫಿಕ್ಸೆಡ್ ವೋಲ್ಟೇಜ್ ರೆಗ್ಯುಲೇಟರ್'. ಟಿಪಿಎಸ್65217 ಬಿಟ್ಟು ಎಲ್ಲ ತೆಗೆದಾಗ ಅದೂ ಹೋಯಿತು. ಅದಕ್ಕೆ ಸ್ಟಾರ್ ಹಾಕಿ ಬಿಲ್ಡ್ ಮಾಡಿ, ಬರುತ್ತದೆ.

ಇದು ನಿಮ್ಮ ಕೈಯಿಂದ ಹೇಗೆ ತಪ್ಪಿತು ಅನ್ನುವುದನ್ನೂ ಹೇಳುತ್ತೇನೆ, ಮುಂದೆ ಕೆಲಸಕ್ಕೆ ಬರುತ್ತದೆ. ಮೆನುಕಾನ್ಫಿಗ್‌ನಲ್ಲಿ ಕೆಲವು ಆಯ್ಕೆಗಳ ಮುಂದೆ ಚೌಕ ಬ್ರಾಕೆಟ್ ಇರುವುದಿಲ್ಲ, ಎರಡು ಗೀಟಿನ ನಡುವೆ ಸ್ಟಾರ್ ಇರುತ್ತದೆ, -*- ಹೀಗೆ. ಸ್ಪೇಸ್ ಒತ್ತಿದರೂ ಅಲುಗಾಡುವುದಿಲ್ಲ. ಬೇರೆ ಯಾವುದೋ ಆಯ್ಕೆ ಇದನ್ನು ಬೇಕೇ ಬೇಕು ಅಂತ ಹಿಡಿದುಕೊಂಡಿದೆ ಅಂತ ಅರ್ಥ. ಮೊದಲು ಫಿಕ್ಸೆಡ್ ರೆಗ್ಯುಲೇಟರ್ ಕೂಡ ಹಾಗೇ ಇತ್ತು, ಹಿಡಿದುಕೊಂಡಿದ್ದದ್ದು 'ಟಿಪಿಕಲ್ ಓಮ್ಯಾಪ್ ಕಾನ್ಫಿಗರೇಷನ್'. ಅದನ್ನು ತೆಗೆದ ತಕ್ಷಣ ಹಿಡಿತ ಸಡಿಲವಾಯಿತು, ಆಮೇಲೆ ತೆಗೆಯಲು ಹೋದಾಗ ಸುಮ್ನೆ ಬಿಟ್ಟುಕೊಟ್ಟಿತು. ಅನುಮಾನ ಬಂದಾಗ ಮೆನುವಿನಲ್ಲಿ / ಒತ್ತಿ ಹೆಸರು ಹುಡುಕಿ. ಯಾವುದು ಯಾವುದನ್ನು ಹಿಡಿದಿದೆ, ಯಾವುದರ ಮೇಲೆ ನಿಂತಿದೆ, ಎಲ್ಲ ಅಲ್ಲೇ ಬರೆದಿರುತ್ತದೆ. ನನ್ನ ಕೇಳಿದರೆ ಆ 'ಟಿಪಿಕಲ್' ವಾಪಸ್ ಆನ್ ಮಾಡಿಬಿಡಿ, ಅದನ್ನು ತೆಗೆದು ಉಳಿಯುವುದು ಏನೂ ಇಲ್ಲ.

ಮುಂದೆ ಪ್ಯಾನಿಕ್ ಬಂದರೆ (ಕರ್ನಲ್ ಕೈಚೆಲ್ಲಿ ನಿಂತರೆ) 'ಅನ್‌ನೋನ್ ಬ್ಲಾಕ್' ಪಕ್ಕದ ಬ್ರಾಕೆಟಿನ ಸಂಖ್ಯೆ ನೋಡಿ. (0,0) ಅಂದರೆ ಕಾರ್ಡೇ ಸಿಕ್ಕಿಲ್ಲ, ಡ್ರೈವರ್ ಕಡೆ ಹುಡುಕಬೇಕು. (179,1) ಥರ ಇದ್ದರೆ ಕಾರ್ಡ್ ಸಿಕ್ಕಿದೆ (179 ಎಂಎಂಸಿಯ ನಂಬರ್), ಒಳಗಿನ ಫೈಲ್ ಸಿಸ್ಟಮ್ ಓದಲು ಬಂದಿಲ್ಲ, ಎಕ್ಸ್ಟ್4 ಎಂ ಆಗಿರಬೇಕು. ಎಕ್ಸ್ಟ್4 ಮಾಡ್ಯೂಲ್ ಇರುವುದು ಎಕ್ಸ್ಟ್4 ಪಾರ್ಟಿಷನ್ ಒಳಗೇ, ಇನಿಟ್‌ರ‍್ಯಾಮ್‌ಎಫ್‌ಎಸ್ (ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಪುಟ್ಟ ರೂಟ್) ಇಲ್ಲದಿದ್ದರೆ ಅದನ್ನು ಓದಿ ತರುವವರು ಯಾರು? ರೂಟ್ ಮೌಂಟ್ ಆಗುವವರೆಗೆ ಬೇಕಾದದ್ದಕ್ಕೆಲ್ಲ ಸ್ಟಾರ್ ಇರಬೇಕು. ಆಮೇಲಿನದ್ದು ಎಂ ಇದ್ದರೂ ನಡೆಯುತ್ತದೆ.

ಒಂದು_ಪೈನ್_ಎರಡು_ಪೈನ್:

ನಾನು ಮಾಡುವುದು ಬೇರೆ ರೀತಿ. ತೀರಾ ಚಿಕ್ಕ ಪಟ್ಟಿಯಾದ ಟೈನಿಕಾನ್ಫಿಗ್‌ನಿಂದ ಶುರು ಮಾಡಿ ಒಂದೊಂದೇ ಸೇರಿಸುತ್ತಾ ಬರುತ್ತೇನೆ. ವಾರ ಹಿಡಿಯುತ್ತದೆ, ಆದರೆ ಬೋರ್ಡಿನಲ್ಲಿ ಯಾವುದು ಯಾವುದಕ್ಕೆ ಬೇಕು ಅಂತ ಕೈಗೆ ಕೂರುತ್ತದೆ. ಟೈಮ್ ಇದ್ದರೆ ಮಾಡಿ ನೋಡಿ.

ಬೂಟ್_ಲಾಗ್:

ಕಲಿಯಲು ಅದು ಒಳ್ಳೇ ದಾರಿ, ಒಪ್ಪುತ್ತೇನೆ. ಆದರೆ ಇವರಿಗೆ ತೋಟಕ್ಕೆ ನೀರು ಹೋಗಬೇಕು. ಓಡುತ್ತಿರುವ ಕರ್ನಲ್‌ನಿಂದ ಶುರು ಮಾಡಿ ಕಡಿಮೆ ಮಾಡುವುದೇ ಸರಿ ಅಂತ ನನ್ನ ಅಭಿಪ್ರಾಯ.

ಬೋರ್ಡಿಗೆ ಸೆನ್ಸರ್, ರಿಲೇ, ಯುಎಸ್‌ಬಿ ಮೋಡೆಮ್ ಇದ್ದರೆ ಅದು, ಎಲ್ಲ ಹಾಕಿ ಒಂದು ಸಲ ಕೆಲಸ ಮಾಡಿಸಿ. ಆಗ ಎಲ್‌ಎಸ್‌ಮಾಡ್ (ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಕಮಾಂಡ್) ಕೊಟ್ಟು ಬಂದದ್ದನ್ನು ಫೈಲಿನಲ್ಲಿ ಉಳಿಸಿ ಪಿಸಿಗೆ ತನ್ನಿ, ಆ ಫೈಲ್ ಕೊಟ್ಟು ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಮಾಡಿ. ಬಳಸದ ಮಾಡ್ಯೂಲ್‌ಗಳನ್ನು ಅದೇ ತೆಗೆಯುತ್ತದೆ. ಆ ಹೊತ್ತಿಗೆ ಯಾವುದಾದರೂ ಹಾಕಿರಲಿಲ್ಲ ಅಂದರೆ ಅದರ ಡ್ರೈವರೂ ಹೋಗುತ್ತದೆ, ಅದೊಂದು ಎಚ್ಚರ. ಸ್ಟಾರ್ ಇರುವುದನ್ನು ಅದು ಮುಟ್ಟುವುದಿಲ್ಲ, ಅವು ನಿಮ್ಮ ಕೈಯಲ್ಲೇ ಹೋಗಬೇಕು. ಒಂದು ಗುಂಪು ತೆಗೆಯಿರಿ, ಬೂಟ್ ಮಾಡಿ, ಬಂತಾ, ಮೇಕ್ ಸೇವ್‌ಡೆಫ್‌ಕಾನ್ಫಿಗ್ ಮಾಡಿ ಆ ಚಿಕ್ಕ ಫೈಲನ್ನು ಗಿಟ್‌ಗೆ ಹಾಕಿ, ಆಮೇಲೆ ಮುಂದಿನ ಗುಂಪು. ಬರಲಿಲ್ಲ ಅಂದರೆ ಕೊನೇ ಗುಂಪಿನಲ್ಲೇ ತಪ್ಪಿದೆ ಅಂತ ಗೊತ್ತಾಗುತ್ತದೆ. 'ಎಕ್ಸ್‌ಪರ್ಟ್ ಯೂಸರ್ಸ್' ಮೆನುವಿನ ಕಡೆ ಹೋಗಬೇಡಿ. ಈಪೋಲ್, ಟೈಮರ್‌ಎಫ್‌ಡಿ ತೆಗೆದರೆ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನೆಲ್ಲ ಶುರು ಮಾಡುವ ಪ್ರೋಗ್ರಾಮ್) ಏಳುವುದಿಲ್ಲ.

ಮಾಡ್ಯೂಲ್ಸ್ ಇನ್‌ಸ್ಟಾಲ್ ಮಾಡುವಾಗ ಇನ್‌ಸ್ಟಾಲ್ ಮಾಡ್ ಪಾತ್ ಕಾರ್ಡಿನ ಕಡೆಗೆ ಕೊಡಿ, ಇಲ್ಲದಿದ್ದರೆ ಅದು ನಿಮ್ಮ ಪಿಸಿಯೊಳಗೇ ಹೋಗಿ ಕೂರುತ್ತದೆ.

ಇನ್ನು ಆ 40 ಸೆಕೆಂಡ್. ಇದು ಮೊದಲೇ ಕೇಳಬೇಕಿತ್ತು: ಅದರಲ್ಲಿ ಕರ್ನಲ್ ಪಾಲು ಎಷ್ಟು ಅಂತ ಅಳೆದಿದ್ದೀರಾ? ಸಿಸ್ಟಮ್‌ಡಿ-ಅನಲೈಸ್ ಕೊಟ್ಟರೆ ಕರ್ನಲ್ ಎಷ್ಟು, ಯೂಸರ್‌ಸ್ಪೇಸ್ ಎಷ್ಟು ಅಂತ ಬೇರೆ ಬೇರೆ ಹೇಳುತ್ತದೆ, ಬ್ಲೇಮ್ ಅಂತ ಸೇರಿಸಿದರೆ ಯಾವ ಸರ್ವಿಸ್ ಎಷ್ಟು ತಿಂದಿತು ಅನ್ನುವುದೂ ಬರುತ್ತದೆ. ಅದಕ್ಕಿಂತ ಮುಂಚೆ ಯು-ಬೂಟಿನ ಬೂಟ್‌ಡಿಲೇ (ಶುರುವಿಗೆ ಮುಂಚೆ ಕಾಯುವ ಹೊತ್ತು) ಎಷ್ಟಿದೆ ನೋಡಿ, ಸಿಸ್ಟಮ್‌ಡಿ-ಅನಲೈಸ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೂಟ್‌ಆರ್ಗ್ಸ್‌ಗೆ ಕ್ವಾಯಟ್ ಸೇರಿಸಿ, ಕನ್ಸೋಲ್‌ಗೆ ಲಾಗ್ ಬರೆಯುವುದು ಕಡಿಮೆಯಾಗುತ್ತದೆ. 115200 ವೇಗದಲ್ಲಿ ಒಂದು ಅಕ್ಷರಕ್ಕೆ ಹತ್ತು ಬಿಟ್, ಅಂದರೆ ಸೆಕೆಂಡಿಗೆ 11,520 ಅಕ್ಷರ. ಲಾಗ್ 30,000 ಅಕ್ಷರ ಇದ್ದರೆ ಬರೆಯುವುದಕ್ಕೇ ಎರಡೂವರೆ ಸೆಕೆಂಡಿಗಿಂತ ಜಾಸ್ತಿ ಹೋಯಿತು. ಪಂಪ್‌ಹೌಸಿನಲ್ಲಿ ಅದನ್ನು ಓದುವವರು ಯಾರಿದ್ದಾರೆ?

ಸೀರಿಯಲ್_ಕೇಬಲ್:

ಪಂಪ್‌ಹೌಸ್ ಅಂದಿದ್ದಕ್ಕೆ ಇನ್ನು ಮೂರು. ಬೂಟ್‌ಆರ್ಗ್ಸ್‌ನಲ್ಲಿ ಪ್ಯಾನಿಕ್ 10 ಅಂತ ಕೊಡಿ, ಪ್ಯಾನಿಕ್ ಆದರೆ ಹತ್ತು ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತದೆ. ಓಮ್ಯಾಪ್ ವಾಚ್‌ಡಾಗ್‌ಗೆ (ಹ್ಯಾಂಗ್ ಆದರೆ ರೀಬೂಟ್ ಮಾಡುವ ಟೈಮರ್) ಸ್ಟಾರ್ ಹಾಕಿ, ಸಿಸ್ಟಮ್‌ಡಿಯಲ್ಲಿ ರನ್‌ಟೈಮ್ ವಾಚ್‌ಡಾಗ್ ಆನ್ ಮಾಡಿ. ಬೋರ್ಡ್ ಹ್ಯಾಂಗ್ ಆದರೆ ಯಾರೂ ಹೋಗಿ ಸ್ವಿಚ್ ಒತ್ತಬೇಕಿಲ್ಲ. ರೂಟ್‌ಗೆ ಪಾರ್ಟ್‌ಯುಯುಐಡಿ (ಪಾರ್ಟಿಷನ್ನಿನ ಗುರುತು) ಬಳಸಿ, ಮುಂದೆ ಎಂಎಂಸಿ ನಂಬರ್ 0, 1 ಅದಲುಬದಲಾದರೂ ತೊಂದರೆ ಇಲ್ಲ. ಬರೀ ಯುಯುಐಡಿ (ಫೈಲ್ ಸಿಸ್ಟಮ್‌ನ ಗುರುತು) ಕೊಡಬೇಡಿ, ಇನಿಟ್‌ರ‍್ಯಾಮ್‌ಎಫ್‌ಎಸ್ ಇಲ್ಲದೆ ಕರ್ನಲ್‌ಗೆ ಅದು ಅರ್ಥವಾಗುವುದಿಲ್ಲ.

ತೋಟದ_ಬೋರ್ಡ್:

ಬೂಟ್ ಆಯಿತು. ಫಿಕ್ಸೆಡ್ ರೆಗ್ಯುಲೇಟರ್‌ಗೆ ಸ್ಟಾರ್ ಹಾಕಿದ್ದೇ ತಡ, ಕಾರ್ಡ್ ಸಿಕ್ಕಿತು, ಲಾಗಿನ್ ಬಂತು. 'ಟಿಪಿಕಲ್' ಕೂಡ ವಾಪಸ್ ಹಾಕಿದೆ.

ಆಮೇಲೆ ಅಳೆದೆ. ನೀವು ಹೇಳಿದ್ದು ನಿಜ. ಸಿಸ್ಟಮ್‌ಡಿ-ಅನಲೈಸ್ ಪ್ರಕಾರ ಕರ್ನಲ್ ತಿನ್ನುತ್ತಿದ್ದದ್ದು 7 ಸೆಕೆಂಡ್, ಅದು ಈಗ 3ಕ್ಕೆ ಬಂದಿದೆ, ಕ್ವಾಯಟ್‌ನಿಂದಲೇ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ದೊಡ್ಡ ಪಾಲು ನೆಟ್‌ವರ್ಕ್ ಬರುವವರೆಗೆ ಕಾಯುವ ಸರ್ವಿಸ್‌ನದ್ದು. ರಿಲೇ ಪ್ರೋಗ್ರಾಮ್‌ಗೆ ನೆಟ್‌ವರ್ಕ್ ಬೇಕೇ ಇಲ್ಲ, ಲೆಕ್ಕ ಕಳಿಸುವುದಕ್ಕೆ ಮಾತ್ರ ಬೇಕು. ಎರಡನ್ನೂ ಬೇರೆ ಮಾಡಿದೆ. ಈಗ ಪವರ್ ಬಂದು 13 ಸೆಕೆಂಡಿಗೆ ರಿಲೇ ಕೈಗೆ ಸಿಗುತ್ತದೆ. ನಿಮ್ಮೆಲ್ಲರಿಗೂ ತುಂಬ ಥ್ಯಾಂಕ್ಸ್.

ಒಂದೇ ಒಂದು ಉಳಿದಿದೆ. ಕರೆಂಟು ಹೋಗಿ ಬಂದರೆ ಟೈಮ್ ತಪ್ಪುತ್ತದೆ, ನೆಟ್‌ವರ್ಕ್ ಬರುವವರೆಗಿನ ಲೆಕ್ಕವೆಲ್ಲ ಹಳೇ ತಾರೀಖಿಗೆ ಹೋಗುತ್ತದೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ತಂದಿದ್ದೇನೆ, ಆದರೆ ಆರ್‌ಟಿಸಿ (ಗಡಿಯಾರ ಚಿಪ್) ಮೆನುವಿನಲ್ಲಿ ಆ ಹೆಸರೇ ಇಲ್ಲ.

ಸೀರಿಯಲ್_ಕೇಬಲ್:

ಡಿಎಸ್1307 ಅಂತ ಶುರುವಾಗುವ ಉದ್ದನೇ ಸಾಲು ಇದೆಯಲ್ಲ, ಅದನ್ನೇ ಹಾಕಿ. ಡಿಎಸ್3231ಗೂ ಅದೇ ಡ್ರೈವರ್. ಡಿವೈಸ್ ಟ್ರೀಯಲ್ಲಿ ಐ2ಸಿ ಬಸ್ಸಿನ ಕೆಳಗೆ 68 ಅಡ್ರೆಸ್ ಕೊಟ್ಟು (ಹೆಕ್ಸ್‌ನಲ್ಲಿ) ಚಿಪ್ ಸೇರಿಸಿ. ಪ್ರೊಸೆಸರ್ ಒಳಗೂ ಒಂದು ಆರ್‌ಟಿಸಿ ಇದೆ, ಅದಕ್ಕೆ ಈ ಬೋರ್ಡಿನಲ್ಲಿ ಬ್ಯಾಟರಿ ಇಲ್ಲ. ಸಾಮಾನ್ಯವಾಗಿ ಆರ್‌ಟಿಸಿ0 ಅದೇ ಆಗುತ್ತದೆ, ನಿಮ್ಮದು ಆರ್‌ಟಿಸಿ1 ಆಗುತ್ತದೆ. ಬೂಟ್ ಆಗುವಾಗ ಯಾವುದರಿಂದ ಟೈಮ್ ತೆಗೆದುಕೊಳ್ಳಬೇಕು ಅನ್ನುವ ಜಾಗದಲ್ಲಿ ಆರ್‌ಟಿಸಿ1 ಅಂತ ಬರೆಯಿರಿ, ಡ್ರೈವರ್‌ಗೆ ಸ್ಟಾರ್ ಇರಲಿ.

ತೋಟದ_ಬೋರ್ಡ್:

ಸರಿ ಸರ್, ಇವತ್ತು ಸಂಜೆ ಹಾಕಿ ನೋಡುತ್ತೇನೆ. ಡೆಫ್‌ಕಾನ್ಫಿಗ್ ಗಿಟ್‌ನಲ್ಲಿದೆ, ಒಂದು ಗುಂಪಿಗೆ ಒಂದು ಕಮಿಟ್. ಈ ಬೋರ್ಡ್ ಇರುವವರು ಯಾರಾದರೂ ಕೇಳಿದರೆ ಕೊಡುತ್ತೇನೆ.